ಡ್ರಿಲ್ ಹಿಡಿಯೋಕೆ ಮುಂಚೆ ಕಾಫಿ ಲೆಕ್ಕ ಕೇಳಿದ ಹಲ್ಲಿನ ಡಾಕ್ಟ್ರು: ಹನುಮಂತನಗರದ ಕ್ಲಿನಿಕ್, ಒಂದೂವರೆ ವರ್ಷದ ಅನುಭವ

ಒಂದೂವರೆ ವರ್ಷ ಆದ್ಮೇಲೆ ಬರೀತಿದೀನಿ, ಬೇಕು ಅಂತಾನೇ ಕಾದೆ. ಹಲ್ಲಿನ ಕೆಲಸ ಮಾಡಿಸ್ಕೊಂಡು ಬಂದ ದಿನಾನೇ ಐದು ಸ್ಟಾರ್ ಕೊಟ್ರೆ ಏನೂ ಗೊತ್ತಾಗಲ್ಲ, ಫಿಲ್ಲಿಂಗ್ ನಿಲ್ತೋ ಬಿತ್ತೋ, ಹುಳುಕು ಅಲ್ಲೇ ನಿಂತ್ಕೊಂತೋ ಒಳಗೆ ಇಳೀತೋ ಅನ್ನೋದು ವರ್ಷ ಕಳೆದ್ಮೇಲೇನೇ ತಿಳಿಯೋದು. ನಂಗೆ 44 ವರ್ಷ, ಗಾಂಧಿನಗರದಲ್ಲಿ ಒಬ್ರು ಆಡಿಟರ್ ಆಫೀಸಲ್ಲಿ ಕೆಲಸ, ಮನೆ ಶ್ರೀನಗರ. ಜೊತೆಗೆ ಅಮ್ಮ ಇದಾರೆ, 72 ವರ್ಷ, ಬಿಪಿ ಶುಗರ್ ಎರಡೂ ಇದೆ. ಇಬ್ರೂ ಇದೇ ಕ್ಲಿನಿಕ್ ಪೇಷಂಟ್ಸು, ಅದಕ್ಕೆ ರಿವ್ಯೂ ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ.

ಮೊದಲು ಇಲ್ಲಿಗೆ ಹೆಂಗೆ ಬಂದ್ವಿ ಅಂತ ಹೇಳ್ತೀನಿ. ಆಫೀಸ್ ಬಿಲ್ಡಿಂಗ್ ಕೆಳಗೆ ಒಂದಿನ ಫ್ರೀ ಚೆಕಪ್ ಅಂತ ಟೇಬಲ್ ಹಾಕಿದ್ರು, ಯಾವುದೋ ದೊಡ್ಡ ಕ್ಲಿನಿಕ್‌ನೋರು, ಹೆಸರು ಬೇಡ. ಬಾಯಿ ತೆಗೆಸಿ ಟಾರ್ಚ್ ಹಾಕಿ ಎರಡು ನಿಮಿಷ ನೋಡಿ, ಮೇಡಂ ನಿಮಗೆ ಏಳು ಫಿಲ್ಲಿಂಗು ಒಂದು ರೂಟ್ ಕೆನಾಲು ಒಂದು ಕ್ಯಾಪು, ಒಟ್ಟು 46,500, ಈ ವಾರ ಶುರು ಮಾಡಿದ್ರೆ ಡಿಸ್ಕೌಂಟ್ ಅಂತ ಪ್ರಿಂಟೌಟ್ ಕೊಟ್ರು. ನಂಗೆ ಹಲ್ಲು ನೋವು ಅಂತ ಇರ್ಲೇ ಇಲ್ಲ, ಬಲಗಡೆ ಕೆಳಗಿನ ದವಡೆ ಹಲ್ಲು ಐಸ್ ವಾಟರ್ ಕುಡಿದ್ರೆ ಜುಮ್ ಅಂತಿತ್ತು ಅಷ್ಟೇ. ಆ ರಾತ್ರಿ ನಿದ್ದೆ ಬರ್ಲಿಲ್ಲ, ದುಡ್ಡಿಗಿಂತ ಜಾಸ್ತಿ, ಎಂಟು ಹಲ್ಲು ನಂಗೇ ಗೊತ್ತಿಲ್ದೇ ಹೋಗಿಬಿಟ್ಟಿದ್ಯಾ ಅನ್ನೋ ಭಯ. ಪಕ್ಕದ ಮನೆ ಆಂಟಿ ಈ ಕ್ಲಿನಿಕ್ ಹೇಳಿದ್ರು, ಹನುಮಂತನಗರ 50 ಅಡಿ ರಸ್ತೆಯಿಂದ ಸ್ವಲ್ಪ ಒಳಗೆ, ಕೆಳಗೆ ಮೆಡಿಕಲ್ ಶಾಪು ಮೇಲೆ ಇವರು.

ಇಲ್ಲಿ ಡಾಕ್ಟರ್ ಮೇಡಂ ಆ ಪ್ರಿಂಟೌಟ್ ನೋಡಿ ಅವರನ್ನ ಬೈಯೋಕೆ ಹೋಗ್ಲಿಲ್ಲ, ಅದು ನಂಗೆ ಹಿಡಿಸ್ತು. ಪಕ್ಕಕ್ಕಿಟ್ಟು ಮೊದಲಿಂದ ನೋಡಿದ್ರು. ಹಲ್ಲೆಲ್ಲ ಕ್ಲೀನ್ ಮಾಡಿ, ಗಾಳಿ ಹೊಡೆದು ಒಣಗಿಸಿ, ಒಂದೊಂದೇ. ಒದ್ದೆ ಹಲ್ಲಲ್ಲಿ ಶುರುವಿನ ಹುಳುಕು ಕಾಣಲ್ಲವಂತೆ, ಒಣಗಿಸಿದ್ರೆ ಸುಣ್ಣದ ಕಲೆ ಥರ ಬೆಳ್ಳಗೆ ಕಾಣುತ್ತೆ, ಕನ್ನಡಿ ಕೊಟ್ಟು ನಂಗೂ ತೋರ್ಸಿದ್ರು. ಆಮೇಲೆ ಎರಡು ಚಿಕ್ಕ ಎಕ್ಸ್‌ರೇ, ಕಚ್ಚಿ ಹಿಡ್ಕೊಂಡು ತೆಗೆಸೋದು, ಬೈಟ್‌ವಿಂಗ್ ಅಂತಾರೆ. ಹಲ್ಲು ಹಲ್ಲಿನ ಸಂದಿಲಿ ಇರೋ ಹುಳುಕು ಎಷ್ಟೇ ಟಾರ್ಚ್ ಬಿಟ್ರೂ ಕಣ್ಣಿಗೆ ಸಿಗಲ್ಲ, ಇದ್ರಲ್ಲೇ ಸಿಗೋದು. ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ತೋರಿಸಿ ಹೇಳಿದ್ರು: "ನೋಡಿಮ್ಮ, ಈ ಹೊರಗಿನ ಬಿಳಿ ಪದರ ಎನಾಮಲ್ಲು, ಒಳಗಿಂದು ಡೆಂಟಿನ್ನು. ನಿಮ್ಮ ಐದು ಜಾಗದಲ್ಲಿ ಹುಳುಕು ಎನಾಮಲ್ ಒಳಗೇ ಇದೆ, ಮೇಲ್ಮೈ ಒಡೆದಿಲ್ಲ, ಕುಳಿ ಬಿದ್ದಿಲ್ಲ. ಇದನ್ನ ಕೊರೆಯೋ ಅವಶ್ಯಕತೆ ಇಲ್ಲ, ನಿಲ್ಲಿಸಬಹುದು. ಎರಡು ಮಾತ್ರ ಡೆಂಟಿನ್ ತನಕ ಹೋಗಿ ಕುಳಿ ಆಗಿದೆ, ಅವೆರಡು ತುಂಬಲೇಬೇಕು."

ಹುಳುಕು ನಿಲ್ಲಿಸಬಹುದು ಅನ್ನೋ ಮಾತು ನಾನು ಜೀವನದಲ್ಲೇ ಮೊದಲ ಸಲ ಕೇಳಿದ್ದು. ನಮ್ ಕಡೆ ಹುಳುಕಲ್ಲು ಅಂದ್ರೆ ಹುಳ ತಿಂತಿದೆ ಅಂತಾನೇ ಅರ್ಥ, ನಮ್ಮಜ್ಜಿಗೆ ಊರಲ್ಲಿ ಯಾರೋ ಬಂದು ಯಾವುದೋ ಬೀಜದ ಹೊಗೆ ಹಾಕಿ ಹುಳ ತೆಗೆದಿದ್ರಂತೆ. ಹುಳ ಅಂತೂ ಯಾವುದೂ ಇಲ್ಲ. ಬಾಯಲ್ಲಿರೋ ಬ್ಯಾಕ್ಟೀರಿಯಾ ನಾವು ತಿನ್ನೋ ಸಕ್ಕರೆ ತಿಂದು ಆಸಿಡ್ ಬಿಡುತ್ತೆ, ಹಲ್ಲಿನ ಮೇಲೆ ಪಿಎಚ್ (ಆಸಿಡ್ ಅಳತೆ, ಕಮ್ಮಿ ಆದಷ್ಟೂ ಆಸಿಡ್ ಜಾಸ್ತಿ) 5.5ಕ್ಕಿಂತ ಕೆಳಗಿಳಿದ್ರೆ ಎನಾಮಲ್‌ನ ಕ್ಯಾಲ್ಸಿಯಂ ಫಾಸ್ಫೇಟು ಕರಗಿ ಹೊರಗೆ ಬರುತ್ತೆ, ಆಮೇಲೆ ಎಂಜಲು ಬಂದು ಆಸಿಡ್ ತೊಳೆದು ಹೋದ ಖನಿಜಾನ ವಾಪಸ್ ತುಂಬುತ್ತೆ. ದಿನಾ ಪೂರ್ತಿ ಈ ಕೊಡೋದು ತಗೊಳ್ಳೋದು ನಡೀತಾನೇ ಇರುತ್ತೆ. ಹೋಗೋದು ಜಾಸ್ತಿ ಬರೋದು ಕಮ್ಮಿ ಆದ್ರೆ ಹುಳುಕು. ನಾನು ಲೆಕ್ಕದವಳು, ಡೆಬಿಟ್ ಕ್ರೆಡಿಟ್ ಅಂತ ತಕ್ಷಣ ತಲೆಗೆ ಹೋಯ್ತು.

ರೂಟ್ ಕೆನಾಲ್ ಅಂದಿದ್ರಲ್ಲ ಆ ದವಡೆ ಹಲ್ಲು, ಅದಕ್ಕೆ ತಣ್ಣಗಿರೋ ಹತ್ತಿ ಮುಟ್ಟಿಸಿ ನೋಡಿದ್ರು. ಜುಮ್ ಅಂತು, ತೆಗೆದ ಎರಡು ಮೂರು ಸೆಕೆಂಡಲ್ಲಿ ಹೋಯ್ತು. ರಾತ್ರಿ ತಾನಾಗೇ ನೋವು ಬಂದು ಎಚ್ಚರ ಆಗುತ್ತಾ, ಬಿಸಿ ಕಾಫಿಗೆ ನೋವು ಬಂದು ಹೋಗದೇ ಹಂಗೇ ನಿಲ್ಲುತ್ತಾ ಅಂತ ಕೇಳಿದ್ರು, ಎರಡೂ ಇಲ್ಲ ಅಂದೆ. ಹಂಗಿದ್ರೆ ಒಳಗಿನ ನರ ಇನ್ನೂ ಚೆನ್ನಾಗೇ ಇದೆ, ರೂಟ್ ಕೆನಾಲ್ ಈಗ್ಲೇ ಬೇಡ, ಸುತ್ತ ಎಲ್ಲ ಕ್ಲೀನ್ ಮಾಡಿ ನರದ ಹತ್ರ ಮಾತ್ರ ಸ್ವಲ್ಪ ಮೆತ್ತಗಿರೋ ಭಾಗ ಹಂಗೇ ಬಿಟ್ಟು ಮೇಲೆ ಗಟ್ಟಿಯಾಗಿ ಸೀಲ್ ಮಾಡ್ತೀನಿ, ಪೂರ್ತಿ ಕೆರೆದ್ರೆ ನರ ತೆರ್ಕೊಂಡುಬಿಡುತ್ತೆ ಅಂದ್ರು. ನಂಗೆ ಒಂಥರಾ ಭಯ, ಹುಳುಕು ಒಳಗೇ ಬಿಟ್ಟು ಮುಚ್ಚೋದಾ ಅಂತ. ಅದಕ್ಕೂ ಕೂತು ಹೇಳಿದ್ರು, ಮೇಲಿಂದ ಸಕ್ಕರೆ ಹೋಗೋ ದಾರಿ ಮುಚ್ಚಿದ್ರೆ ಒಳಗಿರೋದು ಅಲ್ಲೇ ಸೊರಗುತ್ತೆ, ಅಂಚು ಮಾತ್ರ ಶುದ್ಧವಾಗಿರ್ಬೇಕು. ಗ್ಯಾರಂಟಿ ಕೊಡಲ್ಲ, ಮುಂದೆ ರೂಟ್ ಕೆನಾಲ್ ಬೇಕಾದ್ರೂ ಬೇಕಾಗಬಹುದು ಅಂತ ಮೊದಲೇ ಹೇಳಿ, ಚೀಟಿಲೂ ಬರ್ಕೊಟ್ರು. ಒಂದೂವರೆ ವರ್ಷ ಆಯ್ತು, ಆ ಹಲ್ಲಲ್ಲೇ ಚಕ್ಕುಲಿ ಅಗೀತಿದೀನಿ.

ಈಗ ಕಾಫಿ ವಿಷಯಕ್ಕೆ ಬರ್ತೀನಿ, ನನ್ ಹಲ್ಲು ಉಳಿಸಿದ್ದು ಅದೇ ಅಂತ ನಂಬಿದೀನಿ. ಮೊದಲ ದಿನಾನೇ ಒಂದು ಹಾಳೆ ಕೊಟ್ರು, ಮೂರು ದಿನ ಬಾಯಿಗೆ ಏನೇ ಹಾಕಿದ್ರೂ ಟೈಮ್ ಸಮೇತ ಬರೀರಿ, ಸುಳ್ಳು ಬರೀಬೇಡಿ ಅಂತ. ಅದು ಮಾರ್ಚ್ ತಿಂಗಳು, ನಮ್ ಆಫೀಸಲ್ಲಿ ಮಾರ್ಚ್ ಅಂದ್ರೆ ಹೆಂಗಿರುತ್ತೆ ಗೊತ್ತಲ್ಲ, ರಾತ್ರಿ ಒಂಬತ್ತರ ತನಕ. ಬೆಳಿಗ್ಗೆ ಮನೇಲಿ ಕಾಫಿ, ಹತ್ತೂವರೆಗೆ ಬೈಟೂ, ಹನ್ನೆರಡಕ್ಕೆ ಬೈಟೂ ಜೊತೆಗೆ ಬೇಕರಿ ಬಿಸ್ಕತ್ತು, ಊಟ, ಮೂರಕ್ಕೆ ಟೀ, ನಾಲ್ಕೂವರೆಗೆ ಯಾರೋ ತಂದ ಕಡಲೆ ಮಿಠಾಯಿ, ಐದೂವರೆಗೆ ಖಾರ ಬನ್ನು ಕಾಫಿ, ಹಿಂಗೇ. ಎಣಿಸಿದ್ರೆ ದಿನಕ್ಕೆ 11 ಸಲ ಬಂತು. ನಾನು ಸ್ವೀಟ್ ತಿನ್ನೋಳೇ ಅಲ್ಲ ಅನ್ಕೊಂಡಿದ್ದೆ, ಕಾಫಿಗೆ ಒಂದೇ ಚಮಚ ಸಕ್ಕರೆ. ಮೇಡಂ ಹೇಳಿದ್ದು ಎಷ್ಟು ಸಕ್ಕರೆ ಅನ್ನೋದೂ ಮುಖ್ಯ ಹೌದು, ಆದ್ರೆ ಎಷ್ಟು ಸಲ ಅನ್ನೋದು ಹಲ್ಲಿಗೆ ಇನ್ನೂ ಮುಖ್ಯ. ಪ್ರತಿ ಸಲ ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಪಿಎಚ್ ಇಳಿಯುತ್ತೆ, ಮತ್ತೆ ಮೇಲೆ ಬರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. 11 ಸಲ ಅಂದ್ರೆ ನಾನು ಎದ್ದಿರೋ ಹೊತ್ತಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ನನ್ ಹಲ್ಲು ಆಸಿಡ್‌ನಲ್ಲೇ ನೆನೀತಿತ್ತು. ಎಂಜಲಿಗೆ ರಿಪೇರಿ ಮಾಡೋಕೆ ಟೈಮೇ ಕೊಟ್ಟಿರ್ಲಿಲ್ಲ ನಾನು. ಬಿಸ್ಕತ್ತು ಬನ್ನು ಇನ್ನೂ ಕಷ್ಟ, ಹಿಟ್ಟು ಹಲ್ಲಿಗೆ ಮೆತ್ಕೊಂಡು ಕೂತ್ಬಿಡುತ್ತೆ.

ಕಾಫಿ ಬಿಡಿ ಅಂತ ಹೇಳ್ಲಿಲ್ಲ ಅವರು, ಬಸವನಗುಡಿ ಸುತ್ತಮುತ್ತ ಇರೋರಿಗೆ ಕಾಫಿ ಬಿಡಿ ಅಂದ್ರೆ ಯಾರು ಕೇಳ್ತಾರೆ. ಸಿಹಿ ಇರೋದು ತಿಂಡಿ ಊಟದ ಜೊತೆಗೇ ಮುಗಿಸಿ, ಮಧ್ಯದಲ್ಲಿ ಬೇಕು ಅನ್ಸಿದ್ರೆ ಸಕ್ಕರೆ ಇಲ್ದೇ ಕುಡೀರಿ, ಒಂದು ಲೋಟ ಕಾಫಿನ ಫ್ಲಾಸ್ಕಲ್ಲಿಟ್ಕೊಂಡು ಒಂದು ಗಂಟೆ ಹೀರೋದು ಬೇಡ, ಕುಡಿದ್ಮೇಲೆ ನೀರು ಮುಕ್ಕಳಿಸಿ. ಇಷ್ಟೇ. ಸಕ್ಕರೆ ಇಲ್ದೇ ಕಾಫಿ ಮೊದಲ ಹತ್ತು ದಿನ ಕಷಾಯ ಕುಡಿದಂಗಿತ್ತು, ಈಗ ಸಕ್ಕರೆ ಹಾಕಿದ್ರೆನೇ ಆಗಲ್ಲ. 11 ಇದ್ದಿದ್ದು 5ಕ್ಕೆ ಬಂದಿದೆ.

ಇನ್ನು ಪೇಸ್ಟು. ಇದು ನಮ್ ಮನೆಗೆ ದೊಡ್ಡ ವಿಷಯ. ನಮ್ದು ಮೂಲ ಪಾವಗಡ ಕಡೆ. ಆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ತುಮಕೂರು ಜಿಲ್ಲೆಲಿ ಪಾವಗಡ ಅಂದ್ರೆ ಫ್ಲೋರೋಸಿಸ್ ಅಂತ ಎಲ್ರಿಗೂ ಗೊತ್ತು. ಅಮ್ಮನ ಮುಂದಿನ ಹಲ್ಲು ಕಂದು ಬಣ್ಣ, ನಮ್ ದೊಡ್ಡಪ್ಪನಿಗೆ ಕೊನೆ ವರ್ಷಗಳಲ್ಲಿ ಬೆನ್ನು ಬಾಗಿ ನೆಟ್ಟಗೆ ನಿಲ್ಲೋಕೆ ಆಗ್ತಿರ್ಲಿಲ್ಲ. ಹಂಗಾಗಿ ಫ್ಲೋರೈಡ್ ಅಂದ್ರೆ ನಮ್ಗೆ ವಿಷ. ಬೆಂಗಳೂರಿಗೆ ಬಂದು ಇಷ್ಟು ವರ್ಷ ಆದ್ರೂ ಹುಡುಕಿ ಹುಡುಕಿ ಫ್ಲೋರೈಡ್ ಇಲ್ದಿರೋ ಹಲ್ಲಿನ ಪುಡಿನೇ ತರ್ತಿದ್ವಿ. ಮೇಡಂ ಪೇಸ್ಟ್ ಬದಲಾಯಿಸಿ ಅಂದಾಗ ಅಮ್ಮ ಎದ್ದೇ ಬಿಟ್ರು, "ಬ್ಯಾಡ ತಾಯಿ, ನಮ್ಮೂರ್ನೇ ಹಾಳು ಮಾಡೈತೆ ಅದು" ಅಂತ.

ಇಲ್ಲಿ ಮೇಡಂ ತೋರ್ಸಿದ ತಾಳ್ಮೆಗೇ ನಾನು ಈ ರಿವ್ಯೂ ಬರೀತಿರೋದು. ಅಮ್ಮನ ಕೈ ಹಿಡ್ಕೊಂಡು, ನೀವ್ ಹೇಳೋದು ಸರಿ ಅಮ್ಮ, ಆ ನೀರು ಕೆಟ್ಟದ್ದೇ ಅಂತ ಮೊದಲು ಒಪ್ಕೊಂಡ್ರು. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ದಾಟಿದ ನೀರನ್ನ ಚಿಕ್ಕೋರಿಂದ ದಿನಾ ಲೀಟರ್‌ಗಟ್ಟಲೆ ಕುಡಿದು ಅದು ರಕ್ತಕ್ಕೆ ಹೋಗಿ, ಒಸಡೊಳಗೆ ಹಲ್ಲು ರೂಪ ಆಗೋವಾಗ ಸೇರ್ಕೊಂಡಿದ್ದು ಈ ಕಂದು ಕಲೆ. ಹಲ್ಲು ಹುಟ್ಟಿ ಬಂದಾದ್ಮೇಲೆ ದೊಡ್ಡೋರಿಗೆ ಆ ಕಲೆ ಹೊಸದಾಗಿ ಬರಲ್ಲ. ಪೇಸ್ಟಲ್ಲಿರೋದು ಮೇಲಿಂದ ಸವರಿ ಉಗಿಯೋದು, ಹಲ್ಲಿನ ಮೇಲ್ಮೈಲಿ ಕೂತು ಖನಿಜ ವಾಪಸ್ ತುಂಬೋಕೆ ಸಹಾಯ ಮಾಡುತ್ತೆ, ಹಂಗೆ ತುಂಬಿದ ಜಾಗ ಮೊದಲಿಗಿಂತ ಆಸಿಡ್‌ಗೆ ಗಟ್ಟಿಯಾಗಿರುತ್ತೆ. ಈಗ ಕುಡೀತಿರೋದು ಕಾವೇರಿ ನೀರು, ಅದ್ರಲ್ಲಿ ಫ್ಲೋರೈಡ್ ಕಮ್ಮಿ, ಅದನ್ನೂ ಆರ್‌ಒ ಹಾಕಿ ಕುಡೀತೀರ. ನಾನು ಸುಮ್ನಿರ್ಲಿಲ್ಲ, ಟ್ಯೂಬ್ ಮೇಲೆ 1000 ಪಿಪಿಎಂ ಅಂತಿದೆ, 1.5 ಎಲ್ಲಿ 1000 ಎಲ್ಲಿ ಅಂತ ಕೇಳಿದೆ. ಅಲ್ಲೇ ಲೆಕ್ಕ ಹಾಕಿ ತೋರ್ಸಿದ್ರು, 1000 ಪಿಪಿಎಂ ಅಂದ್ರೆ ಒಂದು ಕೆಜಿ ಪೇಸ್ಟಿಗೆ 1000 ಮಿಲಿಗ್ರಾಂ, ನೀವು ಬ್ರಶ್ಶಿಗೆ ಹಾಕೋದು ಅರ್ಧ ಗ್ರಾಂ ಅನ್ಕೊಳ್ಳಿ, ಅದ್ರಲ್ಲಿ ಅರ್ಧ ಮಿಲಿಗ್ರಾಂ, ಅದ್ರಲ್ಲೂ ಬಹುಪಾಲು ಉಗೀತೀರ. ನಮ್ ದೇಶದಲ್ಲಿ ಪೇಸ್ಟಿಗೆ 1000 ಪಿಪಿಎಂ ಮೇಲ್ಮಿತಿ, ಎಷ್ಟಿದೆ ಅಂತ ಟ್ಯೂಬ್ ಮೇಲೆ ಬರೀಲೇಬೇಕು, ಹಂಗಾಗಿ ಕೊಳ್ಳೋವಾಗ ಹಿಂದೆ ತಿರುಗಿಸಿ ಓದಿ. ದುಬಾರಿದೇ ಬೇಕಂತೇನಿಲ್ಲ, ಫ್ಲೋರೈಡ್ ಇರೋ ಸಾಧಾರಣ ಪೇಸ್ಟ್ ಸಾಕು. ಇದ್ದಿಲು ಉಪ್ಪು ಇಟ್ಟಿಗೆಪುಡಿ ಥರದ್ದು ಹಲ್ಲು ಸವೆಸುತ್ತೆ, ಬೇಡ.

ಉಜ್ಜೋ ರೀತಿನೂ ತಿದ್ದಿದ್ರು. ಮೆತ್ತನೆ ಬ್ರಶ್ಶು, ಎರಡು ನಿಮಿಷ, ಒಸಡಿನ ಅಂಚಿಗೆ ವಾರೆಯಾಗಿಟ್ಟು. ಬೆಳಿಗ್ಗೆಗಿಂತ ರಾತ್ರಿದು ಮುಖ್ಯ, ನಿದ್ದೇಲಿ ಎಂಜಲು ಕಮ್ಮಿ ಆಗುತ್ತೆ, ಕಾಪಾಡೋರು ಯಾರೂ ಇರಲ್ಲ. ಉಜ್ಜಾದ್ಮೇಲೆ ನೊರೆ ಉಗಿದು ಸುಮ್ನಿರ್ಬೇಕು, ನೀರು ಹಾಕಿ ಮುಕ್ಕಳಿಸಬಾರದು, ಮುಕ್ಕಳಿಸಿದ್ರೆ ಫ್ಲೋರೈಡ್ ಎಲ್ಲ ಸಿಂಕಿಗೆ ಹೋಗುತ್ತೆ! ಇದು ಅಮ್ಮನಿಗೆ ಒಗ್ಗೋಕೆ ಎರಡು ತಿಂಗಳು ಬೇಕಾಯ್ತು. ನಂಗೆ ಕಷ್ಟ ಆಗಿದ್ದು ಫ್ಲಾಸ್ ದಾರ, ನನ್ ಐದೂ ಕಲೆ ಹಲ್ಲಿನ ಸಂದಿಲೇ ಇರೋದು, ಬ್ರಶ್ ಅಲ್ಲಿಗೆ ಹೋಗಲ್ಲ. ಮೊದಲ ವಾರ ಒಸಡಲ್ಲಿ ರಕ್ತ ಬಂತು, ಫೋನ್ ಮಾಡಿದ್ದಕ್ಕೆ ಒಸಡು ಊದಿರೋದಕ್ಕೆ ಬರ್ತಿದೆ ನಿಲ್ಲಿಸಬೇಡಿ ಅಂದ್ರು, ಹತ್ತು ದಿನಕ್ಕೆ ನಿಂತೋಯ್ತು.

ಅಮ್ಮನ ಕಥೆನೇ ಬೇರೆ. ಅವರಿಗೆ ಒಸಡು ಕೆಳಗಿಳಿದು ಹಲ್ಲಿನ ಬೇರು ಕಾಣ್ತಿತ್ತು, ಹುಳುಕೆಲ್ಲ ಅಲ್ಲೇ, ಬುಡದಲ್ಲಿ ಸುತ್ತಲೂ. ಬೇರಿನ ಮೇಲೆ ಎನಾಮಲ್ ಇರಲ್ಲ, ಪಿಎಚ್ 6ರ ಮೇಲಿದ್ರೂ ಕರಗೋಕೆ ಶುರುವಾಗುತ್ತೆ, ಅಂದ್ರೆ ಎನಾಮಲ್‌ಗಿಂತ ಬೇಗ. ಮೇಡಂ ಅಮ್ಮನ ಮಾತ್ರೆ ಡಬ್ಬಿ ಪೂರ್ತಿ ತರಿಸಿದ್ರು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ) ರಿಪೋರ್ಟ್ ಕೇಳಿದ್ರು. ಬಾಯಿ ಒಣಗುತ್ತಾ ಅಂತ ಕೇಳಿದ್ರೆ ಅಮ್ಮ, ರಾತ್ರಿ ಎಲ್ಲ ನಾಲಿಗೆ ಅಂಟ್ಕೊಂತೈತೆ ತಾಯಿ ಅಂದ್ರು. ಬಿಪಿ ಮಾತ್ರೆಲಿ ನೀರು ಹೋಗಿಸೋ ಔಷಧಿ ಸೇರಿತ್ತು, ಮೇಲೆ ಅಲರ್ಜಿಗೆ ಅಂತ ಸೆಟ್ರಿಜಿನ್ ದಿನಾ ತಗೊಂತಿದ್ರು, ಜೊತೆಗೆ ಶುಗರ್ರು, ಮೂರೂ ಸೇರಿ ಎಂಜಲು ಒಣಗಿಸಿತ್ತು. ಅದಕ್ಕೆ ಅಮ್ಮ ಏನ್ ಮಾಡ್ತಿದ್ರು ಅಂದ್ರೆ ಬಾಯಿ ಒಣಗಿದಾಗೆಲ್ಲ ಒಂದು ಹರಳು ಕಲ್ಲುಸಕ್ಕರೆ ದವಡೆಲಿ ಇಟ್ಕೊಳ್ಳೋದು! ರಾತ್ರಿ ದಿಂಬಿನ ಹತ್ರ ಡಬ್ಬಿ. ನಾನೇ ತಂದ್ಕೊಡ್ತಿದ್ದೆ ಅದನ್ನ, ಕೆಮ್ಮಿಗೆ ಒಳ್ಳೇದು ಅಂತ. ಕೇಳಿ ಹೊಟ್ಟೆ ಚುರುಕ್ ಅಂತು.

ಮಾತ್ರೆ ನಿಲ್ಲಿಸಿ ಅಂತ ಮೇಡಂ ತಾವೇ ಹೇಳ್ಲಿಲ್ಲ, ನಮ್ ಫಿಸಿಷಿಯನ್‌ಗೆ ಒಂದು ಕಾಗದ ಬರ್ಕೊಟ್ರು, ಅವರು ನೋಡಿ ಸೆಟ್ರಿಜಿನ್ ದಿನಾ ಬೇಡ ಅಂದ್ರು, ಬಿಪಿದು ಹಂಗೇ ಮುಂದುವರೀತು. ಕಲ್ಲುಸಕ್ಕರೆ ಡಬ್ಬಿ ಜಾಗಕ್ಕೆ ನೀರಿನ ಬಾಟ್ಲಿ ಬಂತು, ಒಂದೊಂದೇ ಗುಟುಕು. ಹುಳುಕಿಗೆ ಎರಡು ಥರ ಮಾಡಿದ್ರು. ಮುಂದೆ ಕಾಣೋ ಮೂರಕ್ಕೆ ಗ್ಲಾಸ್ ಅಯಾನಮರ್ ಸಿಮೆಂಟು, ಅದು ತಾನೇ ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತಂತೆ. ಹಿಂದಿನ ನಾಲ್ಕಕ್ಕೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ನೀರಿನ ಥರ ಒಂದು ಔಷಧಿ, ಕೊರೆಯೋದಿಲ್ಲ ಇಂಜೆಕ್ಷನ್ ಇಲ್ಲ, ಚಿಕ್ಕ ಬ್ರಶ್ಶಲ್ಲಿ ಸವರಿ ಒಂದು ನಿಮಿಷ ಬಿಟ್ರೆ ಆಯ್ತು, ಹುಳುಕು ಅಲ್ಲೇ ಗಟ್ಟಿಯಾಗುತ್ತೆ. ಆದ್ರೆ ಆ ಜಾಗ ಕಪ್ಪಗಾಗುತ್ತೆ, ಶಾಶ್ವತವಾಗಿ. ಇದನ್ನ ಫೋಟೋ ತೋರಿಸಿ, ಒಪ್ಪಿಗೆ ಕೇಳಿ, ಸಹಿ ಹಾಕಿಸ್ಕೊಂಡೇ ಮಾಡಿದ್ದು. ಅಮ್ಮ, ಹಿಂದ್ಲದು ಯಾರು ನೋಡ್ತಾರೆ ಹಾಕವ್ವ ಅಂದ್ರು. ಆರು ತಿಂಗಳಿಗೆ ಮತ್ತೊಂದು ಸಲ ಸವರಿದ್ರು. ನಾಲ್ಕೂ ಈಗ ಕೆರೆದ್ರೆ ಕಲ್ಲಿನಂಗಿದೆ.

ಜೊತೆಗೆ ಇಬ್ರಿಗೂ ಫ್ಲೋರೈಡ್ ವಾರ್ನಿಶ್, ಅಮ್ಮನಿಗೆ ಮೂರು ತಿಂಗಳಿಗೊಂದ್ಸಲ ನಂಗೆ ಆರು ತಿಂಗಳಿಗೆ. ಅದು 22,600 ಪಿಪಿಎಂ, ಜೋರೇ, ಆದ್ರೆ ಒಂದೆರಡು ಹನಿಯಷ್ಟನ್ನ ಹಲ್ಲಿಗೆ ಮಾತ್ರ ಬಳಿಯೋದು. ಹೊರದೇಶಗಳಲ್ಲಿ ದೊಡ್ಡೋರಿಗೆ 5000 ಪಿಪಿಎಂ ಪೇಸ್ಟ್ ಚೀಟಿ ಮೇಲೆ ಬರ್ಕೊಡ್ತಾರೆ, ನಮ್ಮಲ್ಲಿ 1000ಕ್ಕೆ ಮಿತಿ ಇರೋದ್ರಿಂದ ಹುಳುಕು ಜಾಸ್ತಿ ಬರೋರಿಗೆ ವಾರ್ನಿಶ್ ಬಿಟ್ಟುಬಿಡಬೇಡಿ ಅಂದ್ರು. ಹಚ್ಚಿದ್ಮೇಲೆ ಹಲ್ಲು ಅಂಟಂಟು, ಹಳದಿ ಹಳದಿ, ಆ ರಾತ್ರಿ ಉಜ್ಜೋ ಹಂಗಿಲ್ಲ, ಬಿಸಿ ಗಟ್ಟಿ ಪದಾರ್ಥ ಬೇಡ. ಸಹಿಸ್ಕೋಬಹುದು.

ದುಡ್ಡು: ಕನ್ಸಲ್ಟೇಶನ್ 300, ಎಕ್ಸ್‌ರೇ ಒಂದಕ್ಕೆ 200, ನನ್ ಎರಡು ಫಿಲ್ಲಿಂಗ್ 3,200, ವಾರ್ನಿಶ್ ಒಂದು ಸಲಕ್ಕೆ 800. ಒಂದೂವರೆ ವರ್ಷಕ್ಕೆ ನಂದೊಂದೇ ಒಂಬತ್ತು ಸಾವಿರದ ಒಳಗೆ ಮುಗಿದಿದೆ, ಬಿಲ್ ಎಲ್ಲ ಇಟ್ಟಿದೀನಿ. ಕಮ್ಮಿ ಖರ್ಚಲ್ಲಿ ಆಗ್ಬೇಕು ಅನ್ನೋರಿಗೆ ಕೋಟೆ ಹತ್ರ ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜಿಗೆ ಹೋಗಿ ಅಂತ ಮೇಡಂ ಅವರೇ ಹೇಳ್ತಾರೆ, ನಮ್ ಆಫೀಸ್ ಹುಡುಗನಿಗೆ ಹಂಗೇ ಹೇಳಿ ಕಳಿಸಿದ್ರು.

ಐದೂ ಕಲೆ ನಿಂತ್ವಾ ಅಂದ್ರೆ, ಇಲ್ಲ. ವರ್ಷದ ಎಕ್ಸ್‌ರೇಲಿ ಒಂದು ಒಳಗಿಳಿದಿತ್ತು, ಮೇಲಿನ ಎಡಗಡೆ, ಅದನ್ನ ತುಂಬಿಸ್ಕೊಂಡೆ. ಆ ಸಂದಿಗೆ ನಾನು ಫ್ಲಾಸ್ ಸರಿಯಾಗಿ ಹಾಕ್ತಿರ್ಲಿಲ್ಲ ಅಂತ ನಂಗೇ ಗೊತ್ತು. ಉಳಿದ ನಾಲ್ಕು ಹಳೇ ಎಕ್ಸ್‌ರೇ ಪಕ್ಕ ಇಟ್ಟು ನೋಡಿದ್ರೆ ಒಂದಿಂಚೂ ಕದಲಿಲ್ಲ. ಮೊದಲ ದಿನ ಏಳೂ ಕೊರೆಸಿಬಿಟ್ಟಿದ್ರೆ ಆ ನಾಲ್ಕು ಹಲ್ಲಿಗೆ ಹೋದ ಎನಾಮಲ್ ಯಾವ ಡಾಕ್ಟ್ರೂ ವಾಪಸ್ ಕೊಡೋಕಾಗ್ತಿರ್ಲಿಲ್ಲ, ಫಿಲ್ಲಿಂಗ್ ಅಂಚಲ್ಲಿ ಮತ್ತೆ ಹುಳುಕು ಹಿಡೀದು ಅಂತಾನೂ ಇಲ್ಲ.

ನಾಲ್ಕು ಸ್ಟಾರ್ ಯಾಕೆ ಅಂದ್ರೆ ಮೆಟ್ಟಿಲು. 19 ಮೆಟ್ಟಿಲು, ಲಿಫ್ಟ್ ಇಲ್ಲ, ಅಮ್ಮನಿಗೆ ಮಂಡಿ ನೋವು, ಪ್ರತಿ ಸಲ ಹತ್ತಿಸೋವಾಗ ಸಂಕಟ ಆಗುತ್ತೆ. ಕೆಳಗೆ ಒಂದು ಕುರ್ಚಿ ಹಾಕಿ ಅಂತ ಹೇಳಿದೀನಿ, ಇನ್ನೂ ಹಾಕಿಲ್ಲ. ಅಪಾಯಿಂಟ್‌ಮೆಂಟ್ ಇದ್ರೂ ಮುಕ್ಕಾಲು ಗಂಟೆ ಕಾಯಬೇಕು, ಒಬ್ಬೊಬ್ರಿಗೂ ಅಷ್ಟು ಹೊತ್ತು ಕೂತು ಹೇಳಿದ್ರೆ ಇನ್ನೇನಾಗುತ್ತೆ. ಕಾರ್ ನಿಲ್ಲಿಸೋಕೆ ಜಾಗ ಇಲ್ಲ, ಆಟೋಲೇ ಬನ್ನಿ. ಸಂಜೆ ಏಳರ ಮೇಲೆ ರಷ್ಷು, ಬೆಳಿಗ್ಗೆ ಹತ್ತೂವರೆದು ಕೇಳಿ ತಗೊಳ್ಳಿ, ಮನೇಲಿ ವಯಸ್ಸಾದವರನ್ನ ಕರ್ಕೊಂಡು ಹೋಗೋದಾದ್ರೆ ಅವರ ಮಾತ್ರೆ ಡಬ್ಬಿ ಪೂರ್ತಿ ಚೀಲಕ್ಕೆ ಹಾಕ್ಕೊಂಡು ಹೋಗಿ, ದಿಂಬಿನ ಪಕ್ಕ ಏನಿಟ್ಕೊಂಡಿದಾರೆ ಅಂತ್ಲೂ ಒಂದ್ಸಲ ನೋಡ್ಕೊಂಡು ಹೋಗಿ.